ಹಿನ್ನೀರಿನ ತೆಪ್ಪ, ಗಾಳ ಮತ್ತು ಮನೆಯವರ ಆತಂಕ

ಪ್ರಶ್ನೆ: ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ನನ್ನದು. ರಜೆಯಲ್ಲಿ ಗೆಳೆಯರ ಜೊತೆ ಮರಿಯಮ್ಮನಹಳ್ಳಿ ಕಡೆಯ ಹಿನ್ನೀರಿಗೆ ಹೋಗಿ, ತೆಪ್ಪದಲ್ಲಿ ಕೂತು ಗಾಳ ಹಾಕುವ ಆಸೆ. ಈಜು ಬರುವುದಿಲ್ಲ. ಹೆಂಡತಿ, ಅತ್ತೆ ಇಬ್ಬರೂ ಬೇಡವೇ ಬೇಡ ಅನ್ನುತ್ತಾರೆ. ಅವರದು ಅತಿಯಾದ ಭಯವೇ?
– ಓದುಗರು, ಕುರೆಕುಪ್ಪ

ಉತ್ತರ: ಈಜು ಬಾರದವರು ತುಂಬಿದ ಜಲಾಶಯಕ್ಕೆ ಇಳಿಯುತ್ತಾರೆಂದರೆ ಮನೆಯವರು ಹೆದರಲೇಬೇಕು. ಅವರ ಮಾತನ್ನು ತಳ್ಳಿಹಾಕಬೇಡಿ. ಹಾಗೆಂದು ಆಸೆಯನ್ನೂ ಬಿಡಬೇಕಾಗಿಲ್ಲ. ಸರಿಯಾದ ಸಿದ್ಧತೆ ಮಾಡಿಕೊಂಡು, ಅದನ್ನು ಅವರಿಗೂ ತೋರಿಸಿ ಹೋಗಿ.

ಮೊದಲು ನೀರನ್ನು ತಿಳಿದುಕೊಳ್ಳಿ. ತುಂಗಭದ್ರಾ ಜಲಾಶಯ ಪೂರ್ತಿ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಡ್ಡಿಯಿಲ್ಲದೆ ಅಷ್ಟು ದೂರ ಓಡಿಬರುವ ಗಾಳಿ ದೊಡ್ಡ ಅಲೆಯನ್ನೇ ಎಬ್ಬಿಸುತ್ತದೆ. ದಡದಲ್ಲಿ ನಿಂತಾಗ ಹಿತವೆನಿಸಿದ ಗಾಳಿ ನಡುನೀರಿನಲ್ಲಿ ತೆಪ್ಪವನ್ನು ತನಗೆ ಬೇಕಾದತ್ತ ತಳ್ಳಿಕೊಂಡು ಹೋಗಬಲ್ಲದು. ಉತ್ತರೆ ಮಳೆ ಕಳೆದು ಹಸ್ತ, ಚಿತ್ತೆ ಬರುವ ಹೊತ್ತಿಗೆ ಮುಂಗಾರಿನ ಬೀಸುಗಾಳಿ ಇಳಿದಿರುತ್ತದೆ, ಬೆಳಗಿನ ನೀರು ಶಾಂತವಾಗಿರುತ್ತದೆ. ಆದರೆ ಇದೇ ದಿನಗಳಲ್ಲಿ ಮಧ್ಯಾಹ್ನ ದಾಟಿದ ಮೇಲೆ ಗುಡುಗಿನ ಮೋಡ ಬೇಗ ಕಟ್ಟುತ್ತದೆ. ಆದ್ದರಿಂದ ನಸುಕಿನಲ್ಲಿ ಇಳಿದು, ಬಿಸಿಲೇರುವ ಮೊದಲು ದಡ ಸೇರಿ. ದೂರದಲ್ಲಿ ಗುಡುಗು ಕೇಳಿದರೂ ಸಾಕು, ಗಾಳ ಎತ್ತಿಬಿಡಿ. ಈಗಿನ ಕಾರ್ಬನ್ ಕೋಲುಗಳು ವಿದ್ಯುತ್ತನ್ನು ಹರಿಯಗೊಡುತ್ತವೆ. ಬಯಲು ನೀರಿನ ಮೇಲೆ ಅಂಥದ್ದನ್ನು ಎತ್ತಿ ಹಿಡಿದು ಕೂರುವುದು ಅಪಾಯ.

ಇನ್ನು ತೆಪ್ಪ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊರಗೆ ಚರ್ಮ ಹೊದಿಸಿದ, ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಆಕಾರ ಮಾತ್ರ ಅದೇ. ತಳ ಚಪ್ಪಟೆಯಾದ್ದರಿಂದ ಸುಮ್ಮನೆ ಕೂತವರಿಗೆ ಇದು ಭದ್ರವಾದ ವಾಹನ. ಎದ್ದು ನಿಂತರೆ, ಅಥವಾ ಮೀನು ಕಚ್ಚಿತೆಂದು ಎಲ್ಲರೂ ಒಂದೇ ಅಂಚಿಗೆ ಬಾಗಿದರೆ ಮಗುಚುತ್ತದೆ. ಮೀನು ಎಷ್ಟೇ ದೊಡ್ಡದಿರಲಿ, ಕೂತಲ್ಲೇ ಎಳೆಯಿರಿ. ಉಳಿದವರು ಎದುರು ಅಂಚಿನಲ್ಲೇ ಕೂತಿರಲಿ. ಬಿದಿರಿನ ತೆಪ್ಪ ಮಗುಚಿದರೂ ತೇಲುತ್ತದೆ, ಅದನ್ನು ಬಿಡದೆ ಹಿಡಿದುಕೊಂಡಿರಿ. ಫೈಬರ್ ತೆಪ್ಪ ನೀರು ತುಂಬಿಕೊಂಡರೆ ಮುಳುಗಬಹುದು. ಹೊರಡುವ ಮೊದಲೇ ಅದರ ಅಂಚಿಗೆ ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನುಗಳನ್ನು ಕಟ್ಟಿಸಿ.

ಲೈಫ್ ಜಾಕೆಟ್ (ನೀರಿನಲ್ಲಿ ತೇಲಿಸುವ ಅಂಗಿ) ತೆಪ್ಪದೊಳಗೆ ಬಿದ್ದಿದ್ದರೆ ಸಾಲದು, ನಿಮ್ಮ ಮೈಮೇಲೆ ಇರಬೇಕು. ದಡದಲ್ಲೇ ತೊಟ್ಟು, ಎಲ್ಲ ಪಟ್ಟಿಗಳನ್ನೂ ಬಿಗಿದುಕೊಳ್ಳಿ. ಹುಟ್ಟು ಹಾಕುವ ಕೆಲಸ ಅಲ್ಲಿನ ಮೀನುಗಾರರಿಗೇ ಬಿಡಿ. ಅಣೆಕಟ್ಟಿಗಾಗಿ ಮುಳುಗಿದ ಊರುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಂದ ಎದ್ದುಬಂದವರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಕಲ್ಲು ಗೋಡೆ, ಮರದ ಬೊಡ್ಡೆ ನೀರಿನಡಿ ಎಲ್ಲಿವೆ ಎಂಬುದು ಆ ನೀರಿನಲ್ಲೇ ದುಡಿಯುವವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಅಣೆಕಟ್ಟಿನ 33 ಗೇಟುಗಳ ಹತ್ತಿರಕ್ಕೂ, ಕಾಲುವೆಯ ತೂಬುಗಳ ಹತ್ತಿರಕ್ಕೂ ಹೋಗಲೇಬೇಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಮೇಲೆ ನಿಶ್ಚಲವಾಗಿ ಕಾಣುವ ನೀರಿನಡಿ ಎಂಥ ಸೆಳೆತವಿದೆ ಎಂದು ಆವತ್ತು ಎಲ್ಲರೂ ನೋಡಿದೆವು. ಇನ್ನೊಂದು ಮಾತು: ಈ ಜಲಾಶಯದ ಮೀನುಗಾರಿಕೆ ತುಂಗಭದ್ರಾ ಮಂಡಳಿಯ ಅಧೀನದಲ್ಲಿದೆ. ಅನುಮತಿಯ ವಿಷಯವನ್ನು ಮೊದಲೇ ಅಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ಹೊರದೇಶದ ವಿಡಿಯೋಗಳನ್ನು ನೋಡಿ ಮಗ ಟ್ರೌಟ್ ಮೀನು ಹಿಡಿಯುವ ದುಬಾರಿ ಗಾಳಗಳನ್ನು ತರಿಸಿದ್ದಾನೆ. ನಾರಿಹಳ್ಳ ಜಲಾಶಯದಲ್ಲಿ ಆ ಮೀನು ಸಿಗುತ್ತದೆಯೇ? ದುಡ್ಡು ದಂಡವಾಯಿತೇ?
– ಒಬ್ಬ ತಾಯಿ, ಸಂಡೂರು

ಉತ್ತರ: ದಂಡವಾಗಲಿಲ್ಲ ತಾಯಿ, ಆದರೆ ಟ್ರೌಟ್ ಸಿಗುವುದಿಲ್ಲ. ಅದು ತಣ್ಣೀರಿನ ಮೀನು. ನೀರಿನ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿದ್ದರೇ ಅದಕ್ಕೆ ಸುಖ. ನಮ್ಮ ಸುತ್ತಿನಲ್ಲಿ ಅದನ್ನು ನೋಡಬೇಕಾದರೆ ನೀಲಗಿರಿಗೇ ಹೋಗಬೇಕು. ಬ್ರಿಟಿಷರು ಅಲ್ಲಿನ ತೊರೆಗಳಲ್ಲಿ ಅದನ್ನು ಬೆಳೆಸಿದರು. ಬಳ್ಳಾರಿ ಸೀಮೆಯ ಬಿಸಿಲಿಗೆ ಕಾದ ನೀರಿನಲ್ಲಿ ಅದು ಬದುಕದು.

ಮಗನ ಉತ್ಸಾಹವನ್ನು ನಮ್ಮ ಮೀನುಗಳ ಕಡೆಗೆ ತಿರುಗಿಸಿ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಬೆಂಡನ್ನು (ಗಾಳದ ದಾರಕ್ಕೆ ಕಟ್ಟುವ ತೇಲುಕಡ್ಡಿ) ಮೇಲೆ ಕೆಳಗೆ ಸರಿಸಿದರೆ ಗಾಳ ಇಳಿಯುವ ಆಳ ಬದಲಾಗುತ್ತದೆ. ಶೇಂಗಾ ಹಿಂಡಿಯ ಪುಡಿಯನ್ನು ಗೋಧಿ ಹಿಟ್ಟಿನ ಜೊತೆ ಗಟ್ಟಿಯಾಗಿ ಕಲಸಿ ಉಂಡೆ ಮಾಡಿ ಕೊಡಿ. ಮೊದಲಿಗೆ ಅವನು ದಡದಿಂದಲೇ, ದೊಡ್ಡವರ ಜೊತೆ ಕಲಿಯಲಿ. ತರಿಸಿದ ಹೊಳೆಯುವ ತಗಡಿನ ಗಾಳಗಳೂ ಬಳಕೆಗೆ ಬರುತ್ತವೆ. ಸಣ್ಣ ಮೀನುಗಳನ್ನು ಬೇಟೆಯಾಡುವ ಕೊರಮೀನು, ಬಾಳೆಮೀನು ಅವಕ್ಕೆ ಎರಗುತ್ತವೆ.

ಪ್ರಶ್ನೆ: ಕೆಲವು ವರ್ಷ ಮಳೆಗಾಲದ ಕೊನೆಗೆ ಡ್ಯಾಮಿನ ನೀರು ಬಣ್ಣ ಕಲಸಿದಂತೆ ಹಸಿರಾಗುತ್ತದೆ. ಆಗ ಹಿಡಿದ ಮೀನು ತಿಂದರೆ ವಿಷವೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
– ಓದುಗರು, ಹೊಸಪೇಟೆ

ಉತ್ತರ: ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಏಳಲೇಬೇಕು. ಹಸಿರು ನೀರಿನ ಮೀನೆಲ್ಲ ವಿಷವಾಗುವುದಿಲ್ಲ, ಆದರೆ ಎಚ್ಚರ ಬೇಕು.

ಹೊಲಗಳಿಂದ ಹರಿದುಬಂದ ಗೊಬ್ಬರ ಮತ್ತು ಊರುಗಳ ಕೊಳಚೆ ನಿಂತ ನೀರಿನಲ್ಲಿ ಸೇರಿ, ಬಿಸಿಲೂ ಬಿದ್ದಾಗ ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ ಎಂದು ಕರೆಯುವ ಸೂಕ್ಷ್ಮಜೀವಿ) ಒಮ್ಮೆಲೇ ಹೆಚ್ಚುತ್ತದೆ. ಇದರ ಕೆಲವು ಜಾತಿಗಳು ವಿಷ ಉಂಟುಮಾಡುತ್ತವೆ. ಆ ವಿಷ ಮೀನಿನ ಮಾಂಸಕ್ಕಿಂತ ಪಿತ್ತಜನಕಾಂಗ, ಕರುಳುಗಳಲ್ಲಿ ಹೆಚ್ಚು ಸೇರುತ್ತದೆ. ಕುದಿಸಿದರೆ ಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ, ಬೇಯಿಸಿದರೂ ಅದು ಉಳಿಯುತ್ತದೆ.

ಆದ್ದರಿಂದ ಹಸಿರು ಕೆನೆ ಕಟ್ಟಿದ ಕಡೆ ಮೀನು ಹಿಡಿಯಬೇಡಿ, ಮಕ್ಕಳನ್ನು ನೀರಿಗಿಳಿಸಬೇಡಿ. ಸತ್ತು ತೇಲುವ ಮೀನನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ತಿಳಿನೀರಿನ ಮೀನಾದರೂ ಒಳಭಾಗವೆಲ್ಲ ತೆಗೆದು, ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಅಡುಗೆ ಮಾಡಿ. ಕೆನೆ ದಟ್ಟವಾಗಿರುವ ದಿನಗಳಲ್ಲಿ ಮಕ್ಕಳಿಗೆ ಆ ಮೀನು ಬೇಡವೇ ಬೇಡ.

ಪ್ರಶ್ನೆ: ನಾವು ಹೊಳೆಯಲ್ಲಿ ತಲೆತಲಾಂತರದಿಂದ ಬಲೆ ಹಾಕುವವರು. ನೀರುನಾಯಿಗಳು ಬಲೆ ಹರಿಯುತ್ತವೆ. ಓಡಿಸಿದರೆ ಕೇಸು ಹಾಕುತ್ತಾರೆಂದು ಹೆದರಿಕೆ.
– ಓದುಗರು, ಕಂಪ್ಲಿ

ಉತ್ತರ: ಒಂದು ಬಲೆ ಹರಿದರೆ ಎಷ್ಟು ದಿನದ ದುಡಿಮೆ ಹೋಗುತ್ತದೆಂದು ಬಲ್ಲೆ. ನಿಮ್ಮ ಸಂಕಟ ಸಣ್ಣದಲ್ಲ. ಆದರೆ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಆ ಪ್ರಾಣಿಗೆ ಪೆಟ್ಟು ಕೊಡುವುದು ಅಪರಾಧ. ಸಿಡಿಮದ್ದು ಹಾಕಿ ಮೀನು ಹಿಡಿಯುವುದೂ ಅಪರಾಧವೇ. ಅದು ಮರಿಮೀನುಗಳನ್ನೂ ಕೊಂದು ನಿಮ್ಮ ನಾಳೆಯ ಬಲೆಯನ್ನು ಬರಿದು ಮಾಡುತ್ತದೆ.

ನೀರುನಾಯಿ ಬಲೆಗೆ ಬರುವುದು ಅದರಲ್ಲಿ ಸಿಕ್ಕಿ ಒದ್ದಾಡುವ ಮೀನಿಗಾಗಿ. ಬಲೆಯನ್ನು ರಾತ್ರಿಯಿಡೀ ಬಿಡದೆ, ಕಣ್ಣಳತೆಯಲ್ಲಿ ಹಾಕಿ ಬೇಗಬೇಗ ಎತ್ತಿದರೆ ನಷ್ಟ ಕಡಿಮೆಯಾಗುತ್ತದೆ. ಅದು ಮರಿ ಹಾಕುವ ಬಂಡೆಗಳ ಪೊಟರೆ ಬಿಟ್ಟು ದೂರದಲ್ಲಿ ಬಲೆ ಇಳಿಸಿ. ಬಲೆಯಲ್ಲೇ ಸಿಕ್ಕಿಬಿದ್ದರೆ ಬರಿಗೈಯಲ್ಲಿ ಬಿಡಿಸಲು ಹೋಗಬೇಡಿ, ಕಡಿತ ಬಲು ಕೆಟ್ಟದ್ದು. ಅರಣ್ಯ ಇಲಾಖೆಯವರಿಗೆ ಕೂಡಲೇ ತಿಳಿಸಿ. ನಿಮ್ಮ ಬಲೆ ಹಾಳಾಗಿದ್ದರೆ ಅದರ ಫೋಟೋ ತೆಗೆದು, ದಿನಾಂಕ ಬರೆದು, ಅರ್ಜಿಯನ್ನೂ ಅವತ್ತೇ ಅವರ ಕೈಗೆ ಕೊಡಿ.