ಗಣಿಯ ನೆಲಕ್ಕೊಂದು ಬಾಂದುಗಲ್ಲು

ಹೊಲದ ಮೂಲೆಯಲ್ಲಿ ನೆಟ್ಟ ಬಾಂದುಗಲ್ಲನ್ನು ಅರಿಯದ ರೈತನಿಲ್ಲ. ಸರಪಳಿ ಹಿಡಿದು ಬರುತ್ತಿದ್ದ ಮೋಜಣಿದಾರನಿಗೆ ಅದೇ ಆಧಾರವಾಗಿತ್ತು. ಈಗ ಅನೇಕ ಕಡೆ ಸರಪಳಿಯ ಕೆಲಸವನ್ನು ಆಕಾಶದಲ್ಲಿ ಹಾರುವ ಡ್ರೋನ್ ಮಾಡುತ್ತದೆ. ಆದರೂ ಕಲ್ಲಿನ ಅಗತ್ಯ ತಪ್ಪಿಲ್ಲ. ಸಂಡೂರು ಸೀಮೆಯ ಕಬ್ಬಿಣದ ಅದಿರಿನ ಗಣಿಗಳಂತಹ ತೆರೆದ ಗಣಿಗಳಲ್ಲಿ ಅದು ಏಕೆ ಬೇಕು, ಎಂತಹುದಿರಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಡ್ರೋನ್ ಒಂದರ ಮೇಲೊಂದು ಚಾಚಿಕೊಂಡ ನೂರಾರು ಚಿತ್ರಗಳನ್ನು ತೆಗೆಯುತ್ತದೆ. ಒಂದೇ ಬಂಡೆ ಹಲವು ಚಿತ್ರಗಳಲ್ಲಿ ಎಲ್ಲೆಲ್ಲಿ ಕಾಣುವುದೆಂದು ಗಣಕಯಂತ್ರವು ಹುಡುಕಿ, ನೆಲದ ಉಬ್ಬುತಗ್ಗುಗಳ ಆಕೃತಿಯನ್ನು ಕಟ್ಟುತ್ತದೆ. ಆಕೃತಿ ಚೆಲುವಾಗಿಯೇ ಬರುವುದು. ಆದರೆ ಅದು ಭೂಮಿಯ ಮೇಲೆ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಚಿತ್ರಗಳು ತಾವಾಗಿ ಹೇಳಲಾರವು. ಮಸೂರದ ವಕ್ರತೆಯನ್ನು ತುಸು ತಪ್ಪಾಗಿ ಎಣಿಸಿದರೆ ಸಮತಟ್ಟಾದ ಅಂಗಳವೂ ಬೋಗುಣಿಯಂತೆ ತಗ್ಗಾಗಿಯೋ ಗುಮ್ಮಟದಂತೆ ಉಬ್ಬಾಗಿಯೋ ತೋರೀತು. ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಮೊದಲೇ ಅಳೆದಿಟ್ಟ ಗುರುತುಗಳು ನೆಲದಲ್ಲಿದ್ದರೆ, ಆಕೃತಿಯನ್ನು ಅವುಗಳಿಗೆ ಬಿಗಿದು ಕಟ್ಟಬಹುದು.

ಇದು ಬರಿಯ ಶಾಸ್ತ್ರದ ಮಾತಲ್ಲ. ಒಂದು ಹೆಕ್ಟೇರು ಹರಡಿದ ಅದಿರಿನ ರಾಶಿಯ ಎತ್ತರದಲ್ಲಿ ೫ ಸೆಂಟಿಮೀಟರು ತಪ್ಪಿದರೆ ೫೦೦ ಘನಮೀಟರು ಲೆಕ್ಕ ತಪ್ಪುತ್ತದೆ. ಘನಮೀಟರಿಗೆ ಎರಡೇ ಟನ್ನೆಂದು ಹಿಡಿದರೂ ಸಾವಿರ ಟನ್ ಅದಿರು ಕಾಗದದ ಮೇಲೆ ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ! ೨೦೨೧ರಲ್ಲಿ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ ತಂದ ತಿದ್ದುಪಡಿಯು, ೫೦ ಹೆಕ್ಟೇರು ಅಥವಾ ಅದಕ್ಕೂ ಹೆಚ್ಚಿನ ಗುತ್ತಿಗೆಗಳೂ ವರ್ಷಕ್ಕೆ ೧೦ ಲಕ್ಷ ಟನ್ ಅಥವಾ ಅದಕ್ಕೂ ಹೆಚ್ಚು ಅಗೆಯುವ ಗಣಿಗಳೂ ಪ್ರತಿವರ್ಷ ಡ್ರೋನ್ ಮೋಜಣಿಯ ಚಿತ್ರಗಳನ್ನು ಒಪ್ಪಿಸಬೇಕೆಂದು ವಿಧಿಸಿತು. ಹೀಗೆ ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಆಧಾರಬಿಂದುವೇ ಜರುಗಿದ್ದರೆ ಹೋಲಿಕೆಗೆ ಅರ್ಥವೆಲ್ಲಿಯದು?

ಸುಣ್ಣದಿಂದ ಬರೆದ ಗುರುತು ಒಂದು ಮಳೆಗೆ ಹೋಗುತ್ತದೆ. ಮೊಳೆ ಹೊಡೆದು ಹಾಸಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹರಿಯುತ್ತದೆ. ಬಾಳಬೇಕಾದ ಗುರುತಿಗೆ ಕಾಂಕ್ರೀಟಿನ ಕಂಬ, ಅದರ ತಲೆಯಲ್ಲಿ ತುಕ್ಕು ಹಿಡಿಯದ ಉಕ್ಕಿನ ಬೋಲ್ಟು ಬೇಕು. ಅದಿರಿನ ದಾಸ್ತಾನು ಬಯಲಿನ ಎರೆಭೂಮಿಯಲ್ಲಿದ್ದರೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವಾಗ ಆಳವಿಲ್ಲದ ಕಂಬವನ್ನು ತನ್ನೊಡನೆ ಎತ್ತಿ ಇಳಿಸುತ್ತದೆ. ಆದುದರಿಂದ ಬುನಾದಿ ಆ ಉಬ್ಬುಕುಗ್ಗಿನ ಪದರವನ್ನು ದಾಟಿ ಗಟ್ಟಿನೆಲವನ್ನು ಮುಟ್ಟಬೇಕು. ಬಂಡೆ ಸಿಕ್ಕರೆ ಬೋಲ್ಟನ್ನು ಅದರಲ್ಲಿಯೇ ಕೂರಿಸುವುದು ಲೇಸು. ತ್ಯಾಜ್ಯದ ದಿಬ್ಬದ ಮೇಲೆ ಮಾತ್ರ ಶಾಶ್ವತ ಗುರುತು ಸಲ್ಲದು. ಸುರಿದ ಮಣ್ಣು ಬಹುಕಾಲ ಕುಸಿಯುತ್ತಲೇ ಇರುತ್ತದೆ.

ಬೋಲ್ಟಿನ ಸುತ್ತಲಿನ ಫಲಕವನ್ನು ಚದುರಂಗದ ಮಣೆಯಂತೆ ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಳಿಯುತ್ತಾರೆ. ಗೆರೆಗಳು ಕೂಡುವೆಡೆಯೇ ಬಿಂದು. ನೆಲದ ೩ ಸೆಂಟಿಮೀಟರು ಚಿತ್ರದಲ್ಲಿ ಒಂದು ಚುಕ್ಕೆಯಾಗುವಷ್ಟು ಎತ್ತರದಿಂದ ಹಾರಿಸುವುದಾದರೆ, ಅರ್ಧ ಮೀಟರಿನ ಫಲಕ ಹದಿನಾರು ಚುಕ್ಕೆಗಳಷ್ಟು ಅಗಲವಾಗಿ ಕಾಣುತ್ತದೆ, ಅಷ್ಟು ಸಾಕು. ಬಣ್ಣಕ್ಕೆ ಹೊಳಪಿರಬಾರದು, ಬಿಸಿಲಿಗೆ ಬಿಳಿಯೆಲ್ಲ ಹರಡಿ ಗೆರೆ ಅಳಿಸುತ್ತದೆ. ಗಣಿಯ ಕೆಂಧೂಳಿಗೆ ಹದಿನೈದೇ ದಿನದಲ್ಲಿ ಕಪ್ಪು ಬಿಳಿ ಎರಡೂ ಒಂದಾಗಬಹುದು. ಹಾರಾಟಕ್ಕೆ ಮೊದಲು ಒಬ್ಬಾಳು, ಒಂದು ಪೊರಕೆ: ಇಷ್ಟು ಅಗ್ಗದ ಉಪಕರಣವನ್ನು ಮರೆಯುವುದೇ ಹೆಚ್ಚು.

ಗುರುತುಗಳನ್ನು ನಡುವೆ ಗುಂಪಾಗಿ ಇಡದೆ ಅಂಚುಗಳಿಗೂ, ಎತ್ತರದ ಮೆಟ್ಟಿಲುಗಳಿಗೂ, ತಗ್ಗಿಗೂ ಹಂಚಬೇಕು. ಸಿಡಿಮದ್ದಿನ ನೆಲೆಯಿಂದಲೂ ಡಂಪರುಗಳ ದಾರಿಯಿಂದಲೂ ಅವು ದೂರವಿರಲಿ. ಉಕ್ಕಿನ ಚಪ್ಪರ, ಕಡಿದಾದ ಗೋಡೆಗಳ ಬದಿಯೂ ಬೇಡ. ಅಲ್ಲಿ ಉಪಗ್ರಹದ ಸಂಕೇತಗಳು ಪ್ರತಿಫಲಿಸಿ ಅಳತೆ ಕೆಡುತ್ತದೆ. ಇನ್ನೊಂದು ಮಾತು: ಉಪಗ್ರಹ ಗ್ರಾಹಕವು ಕೊಡುವುದು ಭೂಮಿಯ ಗಣಿತಾಕೃತಿಯಿಂದ ಅಳೆದ ಎತ್ತರವನ್ನು, ಸಮುದ್ರಮಟ್ಟದಿಂದಲ್ಲ. ಬೆಂಗಳೂರಿನ ಸುತ್ತ ಇವೆರಡರ ಅಂತರ ೮೦ ಮೀಟರಿಗೂ ಹೆಚ್ಚು. ಪಟ್ಟಿಯಲ್ಲಿ ಯಾವ ಎತ್ತರವೆಂದು ಬರೆಯದಿದ್ದರೆ ಮುಂದಿನವನಿಗೆ ಸಂಕಟ.

ಡ್ರೋನಿನಲ್ಲಿಯೇ ಸೂಕ್ಷ್ಮ ಗ್ರಾಹಕವಿರುವಾಗ ಇದೆಲ್ಲ ಏಕೆ ಎನ್ನುವವರುಂಟು. ಗುರುತುಗಳ ಸಂಖ್ಯೆ ಕಡಿಮೆಯಾಗಬಹುದು, ನಿಜ; ಸೊನ್ನೆಯಾಗಲಾರದು. ಕೆಲವು ಬಿಂದುಗಳನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಕಾದಿರಿಸಬೇಕು; ಇಲ್ಲವಾದರೆ ತಪ್ಪು ಎಷ್ಟೆಂದು ತಿಳಿಯುವ ಬಗೆಯೇ ಇಲ್ಲ. ಪ್ರತಿ ಕಂಬದ ಬಳಿ ಮೂರು ಸಾಕ್ಷಿಬೋಲ್ಟುಗಳನ್ನು ಬಂಡೆಗೋ ಗಟ್ಟಿ ಕಟ್ಟಡಕ್ಕೋ ಕೂರಿಸಿ ದೂರಗಳನ್ನು ಬರೆದಿಡುವುದು ಹಳೆಯ ಮೋಜಣಿದಾರರ ಪದ್ಧತಿ. ಮಳೆಗಾಲ ಕಳೆದೊಡನೆ ಟೇಪು ಹಿಡಿದು ಆ ದೂರಗಳನ್ನೂ, ಮಟ್ಟಯಂತ್ರದಿಂದ ಎತ್ತರವನ್ನೂ ಮತ್ತೆ ನೋಡಬೇಕು. ತಾಳೆಯಾಗದಿದ್ದರೆ, ಬಣ್ಣ ಎಷ್ಟೇ ಹೊಸದಾಗಿರಲಿ, ಹಳೆಯ ಅಂಕಿಗಳನ್ನು ಹೊಡೆದುಹಾಕಿ ಆ ಬಿಂದುವನ್ನು ಹೊಸದಾಗಿ ಅಳೆಯಬೇಕು.