ಬಿಸಿಲಿನ ಬೈಕ್ ರ್‍ಯಾಲಿಗೆ ಯಾವ ಉಡುಪು?

ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಆಮೇಲೆ ಬಸವ ಜಯಂತಿ, ನಡುವೆ ಚುನಾವಣೆ ಬಂದರೆ ಪ್ರಚಾರ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ದೊಡ್ಡ ಬೈಕ್ ರ್‍ಯಾಲಿಗಳು ಬಹುಪಾಲು ಬೀಳುವುದು ನೆತ್ತಿ ಸುಡುವ ಈ ಎರಡು ತಿಂಗಳಲ್ಲೇ. 2023ರ ವಿಧಾನಸಭೆಗೆ ಮತ ಹಾಕಿದ್ದು ಮೇ 10ರಂದು, 2024ರ ಲೋಕಸಭೆಗೆ ನಮ್ಮ ಭಾಗದಲ್ಲಿ ಮೇ 7ರಂದು. ಈ ಸಲದ ಪತ್ರಗಳೆಲ್ಲ ಇದೇ ವಿಷಯದವು. ಚಂದ ಕಾಣಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಕನ್ನಡಿಯ ಮುಂದೆ ನಿಂತಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಬಟ್ಟೆಯೊಳಗೆ ಬೆವರು ಆರುತ್ತದೆಯೇ? ಗಾಡಿ ಜಾರಿದರೆ ಇದು ನನ್ನನ್ನು ಕಾಯುತ್ತದೆಯೋ, ಸಿಕ್ಕಿಹಾಕಿಕೊಂಡು ಎಳೆಯುತ್ತದೆಯೋ?

ಪ್ರಶ್ನೆ: ಬಸವ ಜಯಂತಿ ರ್‍ಯಾಲಿಗೆ ಎಲ್ಲಾರೂ ಕೇಸರಿ ಪಟಗಾ ಸುತ್ತಿಕೊಂಡ ಬರಬೇಕಂತ ನಮ್ಮ ಸಂಘದಾಗ ಠರಾವ್ ಆಗೇತ್ರಿ. ಪಟಗಾದ ಮ್ಯಾಲೆ ಹೆಲ್ಮೆಟ್ ಕೂಡೂದಿಲ್ಲ. ಗಾಡಿ ಹೊಡಿಯೂದ ಇಪ್ಪತ್ತರ ಸ್ಪೀಡಿನಾಗ. ಅಷ್ಟು ದಪ್ಪ ಪಟಗಾ ತಲಿಗೆ ಸಾಕಾಗೂದಿಲ್ಲೇನ್ರಿ?
– ಯುವಕ ಸಂಘದ ಸದಸ್ಯರು, ಗೋಕಾಕ

ಉತ್ತರ: ಸಾಕಾಗುವುದಿಲ್ಲ. ಹೆಲ್ಮೆಟ್ಟಿನ ಒಳಗಿರುವ ಗಟ್ಟಿ ಥರ್ಮಾಕೋಲ್ ಪದರ ಪೆಟ್ಟು ಬಿದ್ದಾಗ ತಾನು ಪುಡಿಯಾಗಿ ಏಟಿನ ಬಲವನ್ನು ನುಂಗುತ್ತದೆ. ಬಟ್ಟೆ ಎಷ್ಟೇ ಸುತ್ತಿದರೂ ಆ ಕ್ಷಣಕ್ಕೆ ಅಮುಕಿ ತೆಳ್ಳಗಾಗುತ್ತದೆ, ಏಟು ನೇರ ಬುರುಡೆಗೆ ಇಳಿಯುತ್ತದೆ. ಸ್ಪೀಡ್ ಕಡಿಮೆ ಎಂಬ ಸಮಾಧಾನವೂ ಬೇಡ. ನಿಂತ ಗಾಡಿಯಿಂದಲೇ ಉರುಳಿದರೂ, ಒಂದೂವರೆ ಮೀಟರ್ ಎತ್ತರದಿಂದ ಬರುವ ತಲೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇಕಡಾ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು ಶೇಕಡಾ 69ರಷ್ಟು ತಗ್ಗಿಸುತ್ತದೆ.

ಕಾನೂನೂ ಮೆರವಣಿಗೆಗೆ ರಿಯಾಯಿತಿ ಕೊಟ್ಟಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಪ್ರಕಾರ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ, ಹಿಂದೆ ಕುಳಿತು ಬಾವುಟ ಹಿಡಿದವರಿಗೂ, ಹೆಲ್ಮೆಟ್ ಕಡ್ಡಾಯ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಉಂಟು, ನಮ್ಮ ಪಟಗಾಕ್ಕಿಲ್ಲ.

ಹಾಗಂತ ಠರಾವು ಮುರಿಯಬೇಕಾಗಿಲ್ಲ. ಹೊಲಿದಿಟ್ಟ ರೆಡಿಮೇಡ್ ಪಟಗಾ ಈಗ ಸಿಗುತ್ತದೆ. ಗಾಡಿ ಮೇಲೆ ಹೆಲ್ಮೆಟ್, ಸಭೆಯ ಜಾಗಕ್ಕೆ ಬಂದು ಸ್ಟ್ಯಾಂಡ್ ಹಾಕಿದ ಮೇಲೆ ಪಟಗಾ. ಬಣ್ಣ ಕಾಣಲೇಬೇಕೆಂದರೆ ಎಲ್ಲರ ಹೆಲ್ಮೆಟ್ಟಿಗೂ ಕೇಸರಿ ಸ್ಟಿಕರ್ ಅಂಟಿಸಿ. ಬೆವರು ಹೀರಲು ಹೆಲ್ಮೆಟ್ ಒಳಗೆ ತೆಳ್ಳನೆಯ ಹತ್ತಿ ಬಟ್ಟೆಯ ಒಂದೇ ಪದರ ಇರಲಿ, ಗಂಟು ಬೇಡ. ಐಎಸ್‌ಐ ಗುರುತಿನ, ಮುಂದೆ ಹಿಂದೆ ಗಾಳಿಗಂಡಿ ಇರುವ, ತಿಳಿ ಬಣ್ಣದ ಹೆಲ್ಮೆಟ್ ಆರಿಸಿ. ಗದ್ದದ ಪಟ್ಟಿ ಹಾಕದಿದ್ದರೆ ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ.

ಪ್ರಶ್ನೆ: ನಮ್ಮ ಗ್ಯಾಂಗ್ ಪೂರ್ತಿ ಕಪ್ಪು ಟೀಶರ್ಟ್ ಹಾಕಬೇಕೆಂದಿದೆ. ಕಪ್ಪು ಬಿಸಿಲನ್ನು ಎಳೆಯುತ್ತದೆ ಎಂದು ಮನೆಯಲ್ಲಿ ತಕರಾರು. ನಿಜವೇ?
– ಕಾಲೇಜು ವಿದ್ಯಾರ್ಥಿ, ಮೂಡಲಗಿ

ಉತ್ತರ: ಮನೆಯವರು ಹೇಳಿದ್ದು ನಿಜ, ಆದರೆ ಬಣ್ಣಕ್ಕಿಂತ ಮುಖ್ಯವಾದದ್ದು ಬಟ್ಟೆಯ ಸಡಿಲ. ಮರುಭೂಮಿಯ ಬೆಡೊಯಿನ್ ಜನ ಸುಡು ಬಿಸಿಲಲ್ಲೂ ಕಪ್ಪು ನಿಲುವಂಗಿ ತೊಡುವುದೇಕೆಂದು ಪರೀಕ್ಷಿಸಿದ ಅಧ್ಯಯನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಪ್ಪು ನಿಲುವಂಗಿ ಹೆಚ್ಚು ಕಾದದ್ದು ಹೌದು. ಆದರೆ ಮೈಗೆ ಮುಟ್ಟಿದ ಶಾಖ ಕಪ್ಪಿನಲ್ಲೂ ಬಿಳಿಯಲ್ಲೂ ಒಂದೇ ಇತ್ತು, ಏಕೆಂದರೆ ಸಡಿಲ ಬಟ್ಟೆಯೊಳಗೆ ಗಾಳಿ ಆಡಿ ಶಾಖವನ್ನು ಹೊರಹಾಕುತ್ತಿತ್ತು. ನಿಮ್ಮ ಟೀಶರ್ಟ್ ಮೈಗೆ ಅಂಟಿದ್ದರೆ ಈ ಲಾಭ ನಿಮಗೆ ಸಿಗುವುದಿಲ್ಲ.

ರ್‍ಯಾಲಿಯಲ್ಲಿ ಪುಕ್ಕಟೆ ಹಂಚುವ ಟೀಶರ್ಟಿನ ಬಗ್ಗೆಯೂ ಹೇಳಬೇಕು. ಅಗ್ಗದ ದಪ್ಪ ಪಾಲಿಯೆಸ್ಟರ್, ಎದೆಗೂ ಬೆನ್ನಿಗೂ ರಬ್ಬರಿನಂಥ ದೊಡ್ಡ ಪ್ರಿಂಟ್. ಪ್ರಿಂಟ್ ಇದ್ದಷ್ಟು ಜಾಗದಲ್ಲಿ ಬೆವರು ಆರಲು ದಾರಿಯೇ ಇಲ್ಲ, ಅಲ್ಲೇ ಬೆವರುಸಾಲೆ ಏಳುತ್ತದೆ. ರಸ್ತೆಗೆ ಉಜ್ಜಿದರೆ ಪಾಲಿಯೆಸ್ಟರ್ ಕರಗಿ ಗಾಯಕ್ಕೆ ಅಂಟುವುದೂ ಉಂಟು. ಒಂದು ಸೈಜ್ ದೊಡ್ಡದಾದ ಹತ್ತಿಯ ಟೀಶರ್ಟ್, ಎದೆಯ ಮೇಲೆ ಅಂಗೈಯಷ್ಟು ಲಾಂಛನ ಸಾಕು. ಬಿಳಿ ನೆಹರು ಅಂಗಿ ತೊಟ್ಟು ಗ್ಯಾಂಗಿನ ಬಣ್ಣವನ್ನು ಶಲ್ಯದಲ್ಲಿ ತೋರಿಸಿದರೆ ಇನ್ನೂ ಚಂದ. ಶಲ್ಯದ ತುದಿಗಳು ಗಾಳಿಗೆ ಹಾರದಂತೆ ಒಳಗೆ ಸಿಕ್ಕಿಸಿಕೊಳ್ಳಿ.

ಪ್ರಶ್ನೆ: ಗಾಡಿ ಮೇಲೆ ಗಾಳಿ ಬಡಿಯುತ್ತದಲ್ಲ, ತುಂಬುತೋಳು ಯಾಕೆ ಬೇಕು? ತೋಳಿಲ್ಲದ ಬನಿಯನ್‌ನಲ್ಲೇ ತಂಪಲ್ಲವೇ?
– ಓದುಗರು, ಹುಕ್ಕೇರಿ

ಉತ್ತರ: ಬಿಸಿಲಿಗೆ ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಶಾಖ ಒಯ್ಯುತ್ತದೆ. 40 ಡಿಗ್ರಿಯ ಗಾಳಿ ಶಾಖವನ್ನು ತಂದು ಮೈಗೆ ಸುರಿಯುತ್ತದೆ. ಆಗ ನಮ್ಮನ್ನು ಉಳಿಸುವುದು ಬೆವರೊಂದೇ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಗೆ ಹೋಗುತ್ತದೆ, ತೊಟ್ಟಿಕ್ಕಿ ಕೆಳಗೆ ಬಿದ್ದರೆ ಹೆಚ್ಚುಕಡಿಮೆ ಏನೂ ಇಲ್ಲ. ಬಯಲು ರಸ್ತೆಯಲ್ಲಿ ಬರಿತೋಳಿನಿಂದ ಹೋದಾಗ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ‘ಬೆವರೇ ಇಲ್ಲ, ಆರಾಮ ಅದೀನಿ’ ಎಂದುಕೊಳ್ಳುತ್ತಲೇ ಮೈಯ ನೀರು ಕಳೆದಿರುತ್ತದೆ. ತೆಳು ಹತ್ತಿಯ ತುಂಬುತೋಳು ಬಿಸಿಗಾಳಿಯನ್ನೂ ಬಿಸಿಲನ್ನೂ ತಡೆದು ಬೆವರನ್ನು ನಿಧಾನಕ್ಕೆ ಆರಿಸುತ್ತದೆ. ಕೊರಳಿಗೆ ಒದ್ದೆ ಟವೆಲ್ ಸುತ್ತಿ ಅಂಗಿಯೊಳಗೆ ಸೇರಿಸಿಕೊಂಡರೆ ಮಣ್ಣಿನ ಗಡಿಗೆ ನೀರನ್ನು ತಂಪಾಗಿಡುವಂತೆ ಅದು ಕತ್ತನ್ನು ತಂಪಾಗಿಡುತ್ತದೆ. ನಿಂತಲ್ಲೆಲ್ಲ ಮತ್ತೆ ನೀರಿಗೆ ಅದ್ದಿ.

ಇನ್ನು ಊರೊಳಗೆ ರ್‍ಯಾಲಿ ತೆವಳುವಾಗ ಗಾಳಿಯೇ ಇಲ್ಲ. ಫಸ್ಟ್ ಗೇರಿನಲ್ಲಿ ಕಾದ ನೂರಾರು ಇಂಜಿನ್, ಕೆಳಗೆ ಡಾಂಬರು. ಬಹಳ ಜನಕ್ಕೆ ತಲೆಸುತ್ತು ಬರುವುದು ಇಲ್ಲೇ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿದ್ದರೆ ಇಂಜಿನ್ ಬಂದ್ ಮಾಡಿ, ನೆರಳಿಗೆ ಸರಿಯಿರಿ.

ಪ್ರಶ್ನೆ: ನಾವು ಮಹಿಳೆಯರು ಇಳಕಲ್ ಸೀರೆ, ಖಣದ ಕುಪ್ಪಸ, ತಲೆಗೆ ಮಲ್ಲಿಗೆ, ಹೀಗೆ ಒಂದೇ ಥರ ಉಟ್ಟು ರ್‍ಯಾಲಿ ಮಾಡಬೇಕೆಂದಿದ್ದೇವೆ. ಸೀರೆಯಲ್ಲಿ ಗಾಡಿ ಅಪಾಯವೇ?
– ಶಿಕ್ಷಕಿ, ಹುಕ್ಕೇರಿ ತಾಲ್ಲೂಕು

ಉತ್ತರ: ಉಡುವ ರೀತಿ ಸರಿಯಿದ್ದರೆ ಖಂಡಿತ ಮಾಡಬಹುದು. ಅಪಾಯ ಇರುವುದು ಹಾರುವ ಸೆರಗಿನಲ್ಲಿ. ಸೆರಗಾಗಲಿ ವೇಲಾಗಲಿ ಹಿಂದಿನ ಗಾಲಿಗೆ ಅಥವಾ ಚೈನಿಗೆ ಸಿಕ್ಕರೆ ಒಂದೆರಡು ಸುತ್ತಿನಲ್ಲೇ ಕೊರಳಿಗೆ ಉರುಳಾಗುತ್ತದೆ. ಅದಕ್ಕೇ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ ಹಿಂಬದಿ ಸವಾರರಿಗೆ ಕೈಹಿಡಿಕೆ, ಕಾಲಿಡಲು ಜಾಗ, ಹಿಂದಿನ ಗಾಲಿಯ ಅರ್ಧವನ್ನಾದರೂ ಮುಚ್ಚುವ ತಡೆ ಇರಲೇಬೇಕೆನ್ನುತ್ತದೆ. ಅಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸಿದ ಗಾಡಿ ಹತ್ತಬೇಡಿ.

ನೆರಿಗೆ ಸೀರೆಗಿಂತ ಕಚ್ಚೆ ಸೀರೆ ಮೇಲು, ಕಾಲು ಎರಡೂ ಕಡೆ ಇಳಿಬಿಟ್ಟು ಕೂರಬಹುದು. ಒಂದೇ ಕಡೆ ಕಾಲು ಹಾಕಿ ಕೂರಬೇಡಿ. ಒಳಗೆ ಹತ್ತಿಯ ಚೂಡಿದಾರ ಪ್ಯಾಂಟ್ ಇರಲಿ. ಹತ್ತಿ ಇಳಕಲ್ ಆರಿಸಿ. ಸೆರಗನ್ನು ಭುಜಕ್ಕೆ ಪಿನ್ ಮಾಡಿ, ತುದಿಯನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಕುಪ್ಪಸದ ತೋಳು ಮೊಳಕೈ ದಾಟಲಿ. ತುರುಬು ಹೆಲ್ಮೆಟ್ಟಿಗೆ ಅಡ್ಡ ಬರುತ್ತದೆ. ಕತ್ತಿನ ಕೆಳಗೆ ಜಡೆ ಹೆಣೆದು ಮಲ್ಲಿಗೆಯನ್ನು ಜಡೆಗೆ ಮುಡಿಯಿರಿ. ಗಾಜಿನ ಬಳೆ ಬಿದ್ದಾಗ ಕೈ ಸೀಳುತ್ತದೆ, ಆ ಹೊತ್ತಿಗೆ ಲೋಹದ ಒಂದೊಂದು ಬಳೆ ಸಾಕು. ದಾರಿಯಲ್ಲಿ ಶೌಚಾಲಯ ಇಲ್ಲವೆಂದು ನೀರು ಕುಡಿಯದೆ ಹೊರಡುವ ಹೆಣ್ಣುಮಕ್ಕಳು ಬಹಳ. ಇದರಿಂದ ಉರಿಮೂತ್ರವೂ ಬಿಸಿಲಿನ ಬಾಧೆಯೂ ಕೂಡಿಯೇ ಬರುತ್ತವೆ. ಸೀರೆಯ ಬಣ್ಣ ನಿಶ್ಚಯಿಸುವ ಮೊದಲೇ ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ನೋಡಿಕೊಳ್ಳಿ.

ಪ್ರಶ್ನೆ: ಹೋದ ಸಲ ಬರ್ಮುಡಾ, ಕೊಲ್ಹಾಪುರಿ ಚಪ್ಪಲಿ ಹಾಕಿ ಹೋಗಿದ್ದೆ. ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತು. ಟೂತ್‌ಪೇಸ್ಟ್ ಹಚ್ಚಿದೆ, ಕಲೆ ಉಳಿದಿದೆ. ಈ ಸಲ ಏನು ಮಾಡಲಿ?
– ಓದುಗರು, ಮೂಡಲಗಿ

ಉತ್ತರ: ರ್‍ಯಾಲಿಯ ಇಕ್ಕಟ್ಟಿನಲ್ಲಿ ನಿಮ್ಮ ಸೈಲೆನ್ಸರ್ ಒಂದೇ ಅಲ್ಲ, ಪಕ್ಕದವನದೂ ನಿಮ್ಮ ಕಾಲಿಗೆ ತಾಗುತ್ತದೆ. ಹಿಮ್ಮಡಿ ಮುಟ್ಟುವ ಜೀನ್ಸ್ ಅಥವಾ ದಪ್ಪ ಹತ್ತಿ ಪ್ಯಾಂಟ್ ಬೇಕೇ ಬೇಕು. ಕೊಲ್ಹಾಪುರಿ ನಮ್ಮದೇ ಹೆಮ್ಮೆ, 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಆದರೆ ಅದು ನಡೆಯುವ ಕಾಲಿಗೆ ಮಾಡಿದ ಚಪ್ಪಲಿ. ಗೇರ್ ಎತ್ತುವಾಗ ಬೆರಳು ಬಯಲು, ನೆಲಕ್ಕೆ ಕಾಲೂರಿದಾಗ ಜಾರಿಕೆ. ಕಣಕಾಲು ಮುಚ್ಚುವ ಬೂಟು ಹಾಕಿ, ಕೊಲ್ಹಾಪುರಿಯನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ. ಬೂಟಿನ ಲೇಸ್ ತುದಿ ಒಳಗಿರಲಿ.

ಸುಟ್ಟ ತಕ್ಷಣ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ, ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಹಳೆಯ ಕಲೆಗೆ ಬಿಸಿಲು ತಾಗದಂತೆ ನೋಡಿಕೊಂಡರೆ ಕಪ್ಪು ಮೆಲ್ಲಗೆ ತಿಳಿಯಾಗುತ್ತದೆ.

ಪ್ರಶ್ನೆ: ಜಾತ್ರೆಯಲ್ಲಿ ಸಿಗುವ ಕಪ್ಪು ಗಾಗಲ್ ಕಣ್ಣಿಗೆ ಒಳ್ಳೆಯದೋ ಕೆಟ್ಟದ್ದೋ?
– ಓದುಗರು, ಘಟಪ್ರಭಾ

ಉತ್ತರ: ಧೂಳು ತಡೆಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಗಾಜು ಕಪ್ಪಾದರೆ ಒಳಗೆ ಪಾಪೆ ಅಗಲವಾಗುತ್ತದೆ. ಆ ಗಾಜಿಗೆ ಅತಿನೇರಳೆ ಕಿರಣ ತಡೆಯುವ ಶಕ್ತಿ ಇಲ್ಲದಿದ್ದರೆ ಕಿರಣಗಳು ಇನ್ನೂ ಸಲೀಸಾಗಿ ಒಳಹೊಗುತ್ತವೆ. ‘ಯುವಿ 400’ ಎಂದಿರುವುದನ್ನೇ ಕೊಳ್ಳಿ. ಅದಕ್ಕಿಂತ ಹೆಲ್ಮೆಟ್ಟಿನ ಗೀರಿಲ್ಲದ ಪಾರದರ್ಶಕ ಮುಖಗಾಜು ಉತ್ತಮ. ಕಣ್ಣಿಗೆ ಕಸ ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಿರಿ.

ಪ್ರಶ್ನೆ: ಬಿಗಿ ಜೀನ್ಸ್ ಹಾಕಿ ದಿನವಿಡೀ ಗಾಡಿ ಹೊಡೆದರೆ ತೊಡೆಸಂದಿಯಲ್ಲಿ ತುರಿಕೆ. ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಹೋಗುತ್ತದೆ, ಮತ್ತೆ ಬರುತ್ತದೆ.
– ಹೆಸರು ಬೇಡ, ಗೋಕಾಕ

ಉತ್ತರ: ಇದು ಗಜಕರ್ಣದ ಶಿಲೀಂಧ್ರ ಇರಬಹುದು. ಹಚ್ಚಿದ್ದು ಸ್ಟಿರಾಯ್ಡ್ ಬೆರೆತ ಮುಲಾಮಾಗಿದ್ದರೆ ತುರಿಕೆ ಅಡಗುತ್ತದೆ, ಶಿಲೀಂಧ್ರ ಹಬ್ಬುತ್ತದೆ. ಅದನ್ನು ಬಿಟ್ಟು ಚರ್ಮವೈದ್ಯರನ್ನು ಕಾಣಿ. ಸಡಿಲ ಪ್ಯಾಂಟ್, ಹತ್ತಿಯ ಒಳಉಡುಪು ಧರಿಸಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಸಂದಿಗಳನ್ನು ಪೂರ್ತಿ ಒರೆಸಿ. ಟವೆಲ್ ಯಾರೊಂದಿಗೂ ಹಂಚಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಅಪ್ಪಾಜಿಗೆ 62 ವರ್ಷ, ಬಿಪಿ, ಶುಗರ್ ಎರಡೂ ಇವೆ. ರ್‍ಯಾಲಿಗೆ ಹೋಗಿಯೇ ತೀರುತ್ತೇನೆ ಎನ್ನುತ್ತಾರೆ.
– ಮಗಳು, ಸಂಕೇಶ್ವರ

ಉತ್ತರ: ಬೆಳಗಿನ ಮೊದಲ ಭಾಗಕ್ಕೆ ಮಾತ್ರ, ಹಿಂಬದಿ ಸವಾರರಾಗಿ ಹೋಗಲಿ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ಮೈಯ ನೀರು ಕಳೆಯುತ್ತವೆ, ಕೆಲವು ಬಿಸಿಲಿಗೆ ಹೃದಯ ಸ್ಪಂದಿಸುವುದನ್ನು ತಗ್ಗಿಸುತ್ತವೆ. ಮಾತ್ರೆ ತಾವಾಗಿ ನಿಲ್ಲಿಸಬಾರದು, ಹೋಗುವ ಮುಂಚೆ ತಮ್ಮ ವೈದ್ಯರನ್ನು ಕೇಳಲಿ. ಖಾಲಿ ಹೊಟ್ಟೆಯಲ್ಲಿ ಹೊರಡುವುದು ಬೇಡ. ಇನ್ಸುಲಿನ್ ಅನ್ನು ಗಾಡಿಯ ಡಿಕ್ಕಿಯಲ್ಲಿಟ್ಟರೆ ಶಾಖಕ್ಕೆ ಕೆಡುತ್ತದೆ. ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ ಅಥವಾ ಜೋಳದ ಅಂಬಲಿ ಇರಲಿ, ಬಿಪಿ ಇರುವುದರಿಂದ ಉಪ್ಪು ಚೂರೇ ಸಾಕು. ಕಬ್ಬಿನ ಹಾಲು ಶುಗರ್ ಇದ್ದವರಿಗೆ ಬೇಡ. ಟೆಟ್ರಾಪ್ಯಾಕಿನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ, ಲೀಟರ್ ನೀರಿಗೆ ಕಲಸುವ ಪುಡಿಯ ಪೊಟ್ಟಣವೇ ಓಆರ್‌ಎಸ್.

ಪ್ರಶ್ನೆ: ನಾವು ರ್‍ಯಾಲಿ ನಡೆಸುವವರು. ಯಾರಾದರೂ ಬಿಸಿಲಿಗೆ ಬಿದ್ದರೆ ಮೊದಲು ಏನು ಮಾಡಬೇಕು?
– ಸಂಘಟಕರು, ಗೋಕಾಕ

ಉತ್ತರ: ತಲೆಸುತ್ತು, ಓಕರಿಕೆ, ಸ್ನಾಯು ಸೆಳೆತ ಇದ್ದು ಮಾತು ಸರಿಯಿದ್ದರೆ ನೆರಳು, ಓಆರ್‌ಎಸ್, ವಿಶ್ರಾಂತಿ ಸಾಕು. ಮಾತು ತೊದಲಿದರೆ, ಗುರುತು ತಪ್ಪಿದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಮೈಯ ಶಾಖ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಬೆವರು ಇದ್ದರೂ ಇರಬಹುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ತಣಿಸಲು ಶುರುಮಾಡಿ. ಶಲ್ಯ, ಬೂಟು, ಬಿಗಿ ಬಟ್ಟೆ ತೆಗೆದು ಮೈತುಂಬ ನೀರು ಸುರಿದು ಗಾಳಿ ಹಾಕಿ. ಕಂಕುಳು, ಕತ್ತು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡದು. ಸೆಕೆ ತಾಳದೆ ಹುಡುಗರು ಘಟಪ್ರಭಾ ಕಾಲುವೆಗೆ ಜಿಗಿಯದಂತೆಯೂ ಕಣ್ಣಿಡಿ. ಮೇಲೆ ಶಾಂತವಾಗಿ ಕಂಡರೂ ಸೆಳೆತ ಬಲವಾಗಿರುತ್ತದೆ, ಕಟ್ಟಿದ ದಂಡೆಯಲ್ಲಿ ಹತ್ತಲು ಹಿಡಿತವಿಲ್ಲ.

ಬೀಳುವವರ ಸಂಖ್ಯೆಯನ್ನೇ ಇಳಿಸುವುದು ನಿಮ್ಮ ಕೈಯಲ್ಲಿದೆ. ಬೆಳಿಗ್ಗೆ 7ಕ್ಕೆ ಹೊರಟು 10.30ರೊಳಗೆ ಮುಗಿಸಿ. ನಾಯಕರಿಗಾಗಿ ಕಾಯುವುದಿದ್ದರೆ ಜನರನ್ನು ನೆರಳಲ್ಲಿ ಕಾಯಿಸಿ. ಕರಪತ್ರದಲ್ಲಿ ಶಲ್ಯದ ಬಣ್ಣ ಹೇಗೂ ಬರೆಯುತ್ತೀರಿ, ಅದರ ಕೆಳಗೆ ಇದನ್ನೂ ಅಚ್ಚು ಹಾಕಿಸಿ: ‘ತುಂಬುತೋಳಿನ ಹತ್ತಿ ಅಂಗಿ, ಹಿಮ್ಮಡಿ ಮುಚ್ಚುವ ಪ್ಯಾಂಟ್, ಬೂಟು, ಐಎಸ್‌ಐ ಹೆಲ್ಮೆಟ್, ಎರಡು ಲೀಟರ್ ನೀರು. ಹೆಲ್ಮೆಟ್ ಇಲ್ಲದವರಿಗೆ ರ್‍ಯಾಲಿಯಲ್ಲಿ ಜಾಗವಿಲ್ಲ.’