ಮೊದಲು ಕ್ವೇರಿಯರ್ ಯಾರೆಂದು ನೋಡು

ಕ್ಯಾಮೆರಾಗಳೆಲ್ಲ ವಿಲ್ಯಾನ್ 20ರಲ್ಲಿ, ಕಂಟ್ರೋಲ್ ರೂಮಿನ ಪರದೆಗಳು ವಿಲ್ಯಾನ್ 30ರಲ್ಲಿ. ಮಲ್ಟಿಕಾಸ್ಟ್ ವಿಡಿಯೊ ಅಲ್ಲಿಂದ ಇಲ್ಲಿಗೆ ಬರಬೇಕು. ಇಂಥ ಕೆಲಸ ಕೈಗೆ ಬಂದ ಕೂಡಲೇ ನಿನ್ನ ವಯಸ್ಸಿನವರು ರೂಟಿಂಗ್ ಕಮಾಂಡ್ ಹೊಡೆಯಲು ಕೂರುತ್ತಾರೆ. ತುಸು ತಾಳು ಮಗು. ಒಂದೇ ವಿಲ್ಯಾನ್ ಒಳಗೆ ವಿಡಿಯೊ ನಿಲ್ಲದೆ ಓಡುತ್ತದೆಯೇ ಎಂದು ಮೊದಲು ನೋಡು. ಅಲ್ಲೇ ನೆಟ್ಟಗಿಲ್ಲದ್ದು ಗಡಿ ದಾಟಿದರೆ ಸರಿಹೋಗುವುದಿಲ್ಲ.

ವಿಲ್ಯಾನ್ ಒಳಗೆ ಅದನ್ನು ನೋಡಿಕೊಳ್ಳುವ ಐಜಿಎಂಪಿ ಸ್ನೂಪಿಂಗ್ ಮಾಡುವುದು ಇಷ್ಟೇ: ಯಾವ ಪೋರ್ಟಿನವರು ಯಾವ ಗುಂಪಿಗೆ ಸೇರಿದ್ದಾರೆ ಎಂದು ಕದ್ದು ಕೇಳಿ, ಆ ಪೋರ್ಟಿಗೆ ಮಾತ್ರ ವಿಡಿಯೊ ಬಿಡುತ್ತದೆ. ಆದರೆ 'ಇನ್ನೂ ಇದ್ದೀರಾ' ಎಂದು ಆಗಾಗ ವಿಚಾರಿಸುವ ಕ್ವೇರಿಯರ್ ಇಲ್ಲದಿದ್ದರೆ ಸ್ವಿಚ್ಚಿನ ಪಟ್ಟಿ ಹಳತಾಗಿ ಅಳಿಸಿಹೋಗುತ್ತದೆ. ವಿಚಾರಣೆಯ ರೂಢಿಯ ಅಂತರ 125 ಸೆಕೆಂಡು. ಅದರ ಎರಡು ಪಟ್ಟಿಗೆ ಉತ್ತರದ 10 ಸೆಕೆಂಡು ಕೂಡಿಸಿದರೆ 260. ಅದಕ್ಕೇ ಚೆನ್ನಾಗಿ ಬರುತ್ತಿದ್ದ ಚಿತ್ರ ನಾಲ್ಕು ನಿಮಿಷ ಕಳೆದು ಥಟ್ಟನೆ ನಿಂತರೆ ಕೇಬಲ್ ಬದಲಿಸಬೇಡ, ಕ್ಯಾಮೆರಾ ಕಂಪನಿಗೆ ಫೋನ್ ಮಾಡಬೇಡ. ಕ್ವೇರಿಯರ್ ಹುಡುಕು. ಇಬ್ಬರು ಇದ್ದರೆ ಕಡಿಮೆ ಐಪಿ ವಿಳಾಸದವನೇ ಗೆಲ್ಲುತ್ತಾನೆ. ಮೂಲೆಯಲ್ಲಿ ಮರೆತುಹೋದ ಹಳೆಯ ಸ್ವಿಚ್ ಆ ಪಟ್ಟ ಹಿಡಿದು ಕೂತಿರುವುದೂ ಉಂಟು.

ಇದು ಸರಿಯಾದ ಮೇಲೆ ದಾಟಿಸುವ ಮಾತು. ಸ್ನೂಪಿಂಗ್ ಎಷ್ಟೇ ಚೆನ್ನಾಗಿದ್ದರೂ ವಿಲ್ಯಾನ್ ದಾಟಿಸುವುದಿಲ್ಲ, ಅದು ಲೇಯರ್ 3ರ ಕೆಲಸ. ಮಲ್ಟಿಕಾಸ್ಟ್ ರೂಟಿಂಗ್ ಆನ್ ಮಾಡಿ, ಎರಡೂ ವಿಲ್ಯಾನ್ ಇಂಟರ್‌ಫೇಸ್‌ಗಳಿಗೆ ಪಿಮ್ ಎಂಬ ರೂಟಿಂಗ್ ಪ್ರೋಟೊಕಾಲ್ ಹಾಕು. ಒಂದು ಕಡೆಗೆ ಹಾಕಿ ಇನ್ನೊಂದನ್ನು ಮರೆಯುವವರೇ ಹೆಚ್ಚು. ಸ್ಪಾರ್ಸ್ ಮೋಡ್ ಆದರೆ, ಇರುವುದು ಒಂದೇ ಸ್ವಿಚ್ ಆದರೂ, ಆರ್‌ಪಿ (ರಾಂಡೆವೂ ಪಾಯಿಂಟ್) ವಿಳಾಸ ಕೊಡಲೇಬೇಕು. ಆ ಸ್ವಿಚ್ಚಿನದೇ ಲೂಪ್‌ಬ್ಯಾಕ್ ವಿಳಾಸ ಸಾಕು. ಒಂದೇ ಟಿವಿ ಸ್ಟ್ರೀಮನ್ನು ಹಲವು ವಿಲ್ಯಾನ್‌ಗಳ ಮನೆಗಳಿಗೆ ಹಂಚುವವರಿಗೆ ಎಂವಿಆರ್ ಎಂಬ ಬೇರೆ ದಾರಿಯಿದೆ. ನಿನ್ನ ಕೆಲಸಕ್ಕೆ ಅದು ಬೇಡ.

ಎಲ್ಲ ಹಾಕಿಯೂ ಚಿತ್ರ ಬಾರದಿದ್ದರೆ ಟಿಟಿಎಲ್ ನೋಡು. ಕಳಿಸುವ ಎಷ್ಟೋ ಸಾಫ್ಟ್‌ವೇರ್‌ಗಳು ಅದನ್ನು 1 ಎಂದೇ ಇಟ್ಟಿರುತ್ತವೆ. ಅಂಥ ಪ್ಯಾಕೆಟ್ಟನ್ನು ರೂಟರ್ ಸದ್ದಿಲ್ಲದೆ ಎಸೆಯುತ್ತದೆ. ಸ್ವಿಚ್ಚಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯಬೇಡ.

ಗುಂಪಿನ ವಿಳಾಸವನ್ನು 239ರಿಂದ ಶುರುವಾಗುವ ಖಾಸಗಿ ಸಾಲಿನಲ್ಲೇ ಆರಿಸು. ಆದರೆ 239.0.0 ಮತ್ತು 239.128.0 ಎಂದು ಆರಂಭವಾಗುವವು ಬೇಡ. ಐಪಿ ವಿಳಾಸದ ಕೊನೆಯ 23 ಬಿಟ್ ಮಾತ್ರ ಮ್ಯಾಕ್ ವಿಳಾಸಕ್ಕೆ ಇಳಿಯುವುದರಿಂದ ಇವು 224.0.0 ಸಾಲಿನ ಮ್ಯಾಕನ್ನೇ ಪಡೆಯುತ್ತವೆ. ಆ ಸಾಲನ್ನು ಸ್ವಿಚ್‌ಗಳು ಸಾಮಾನ್ಯವಾಗಿ ಎಲ್ಲ ಪೋರ್ಟಿಗೂ ಹರಿಸುತ್ತವೆ, ನಿನ್ನ ಸ್ನೂಪಿಂಗ್ ವ್ಯರ್ಥವಾಗುತ್ತದೆ.

ಇನ್ನು ನಾಳೆ ಯಾರಾದರೂ ಬಂದು ಪಕ್ಕದ ವಿಲ್ಯಾನಿನ ಪ್ರಿಂಟರ್ ತಾನಾಗಿ ಕಾಣುತ್ತಿಲ್ಲ, ಅದನ್ನೂ ಪಿಮ್‌ನಿಂದ ಮಾಡಿಕೊಡು ಎಂದರೆ ಒಪ್ಪಬೇಡ. ಅದು 224.0.0.251ರ ಎಂಡಿಎನ್‌ಎಸ್, ರೂಟರ್ ಅದನ್ನು ಎಂದೂ ದಾಟಿಸುವುದಿಲ್ಲ. ಅದಕ್ಕೆ ಎಂಡಿಎನ್‌ಎಸ್ ಗೇಟ್‌ವೇ ಬೇಕು.